ಪಾಸುಪುಸ್ತಕದಲ್ಲಿ ಕಾಣುವ ಅಪರಿಚಿತ ಖರ್ಚುಗಳು: ಅವುಗಳನ್ನು ಶೋಧಿಸುವ ಕ್ರಮ

ಕೆಳದಿಯ ಅರಸನಾದ ಶಿವಪ್ಪನಾಯಕನ ಹೆಸರು ಶಿವಮೊಗ್ಗ ಸೀಮೆಯ ರೈತರಲ್ಲಿ ಇಂದಿಗೂ ಹಸಿರಾಗಿದೆ. ಕ್ರಿ. ಶ. 1645 ರಿಂದ 1660 ರ ವರೆಗೆ ಆಳಿದ ಈ ದೊರೆಯು, ಭೂಮಿಗೆ ಕಂದಾಯವನ್ನು ಗೊತ್ತುಮಾಡುವುದಕ್ಕೆ ಮುಂಚೆ ಪ್ರತಿಯೊಂದು ಗ್ರಾಮದಲ್ಲಿಯೂ ಬಗೆಬಗೆಯ ಜಮೀನುಗಳಲ್ಲಿ ಒಂದೊಂದನ್ನು ಆರಿಸಿಕೊಂಡು, ಹನ್ನೆರಡು ವರ್ಷಗಳ ಕಾಲ ತನ್ನ ವೆಚ್ಚದಿಂದಲೇ ಸಾಗುವಳಿ ಮಾಡಿಸಿ, ಬಿತ್ತಿದ ಬೀಜವೆಷ್ಟು, ತಗಲಿದ ಖರ್ಚೆಷ್ಟು, ಬಂದ ಹುಟ್ಟುವಳಿಯೆಷ್ಟು ಎಂಬುದನ್ನು ಸಾಲುಸಾಲಾಗಿ ಬರೆಯಿಸಿದನೆಂದು ಹಳೆಯ ಮೈಸೂರು ಗ್ಯಾಸೆಟಿಯರಿನಲ್ಲಿ ಹೇಳಿದೆ. ಹೀಗೆ ನಿಂತ ಕಂದಾಯಕ್ಕೆ “ಶಿವಪ್ಪನಾಯಕನ ಶಿಸ್ತು” ಎಂಬ ಹೆಸರಾಯಿತು. ಲೆಕ್ಕವನ್ನು ಕಣ್ಣಾರೆ ನೋಡದೆ ಒಂದು ಕಾಸನ್ನೂ ನಿಷ್ಕರ್ಷೆ ಮಾಡಬಾರದೆಂಬುದೇ ಆ ಶಿಸ್ತಿನ ಸಾರ. ನಮ್ಮ ಸೀಮೆಯ ಜಮೀನುದಾರರು ಈಗ ಅದೇ ಶಿಸ್ತನ್ನು ತಮ್ಮ ಬ್ಯಾಂಕಿನ ಪಾಸುಪುಸ್ತಕಕ್ಕೆ ಅನ್ವಯಿಸಬೇಕಾದ ಕಾಲವು ಬಂದಿದೆ.

1913 ರಲ್ಲಿ ಮೈಸೂರು ಬ್ಯಾಂಕು ಸ್ಥಾಪಿತವಾದ ಕಾಲದಲ್ಲಿ ಹಣವು ಕೈಯಿಂದ ಕೈಗೆ ಬರುತ್ತಿದ್ದಿತು. ಎಣಿಸಿ ಪಡೆದವನಿಗೆ ಎಣಿಸಿ ಕೊಡುವ ಅಭ್ಯಾಸವೂ ಇದ್ದಿತು. ಆ ಬ್ಯಾಂಕು 2017 ರಲ್ಲಿ ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಗುವ ವೇಳೆಗೆ ಕಾಲವು ಸಂಪೂರ್ಣವಾಗಿ ಬದಲಾಗಿದ್ದಿತು. ಶಿವಮೊಗ್ಗದ ಮಂಡಿಯಲ್ಲಿ ಮಾರಿದ ಅಡಿಕೆಯ ಹಣವೂ, ಭದ್ರಾವತಿಯ ನಾಲೆಯ ಕೆಳಗಿನ ಬತ್ತದ ಹಣವೂ, ಸರ್ಕಾರದ ಸಹಾಯಧನವೂ ಈಗ ಕೈಗೆ ಸೋಕದೆ ನೇರವಾಗಿ ಖಾತೆಗೆ ಜಮೆಯಾಗುತ್ತವೆ. ಹಾಗೆ ಕಾಣದಂತೆ ಬರುವ ಹಣವು ಕಾಣದಂತೆಯೇ ಹೋಗಲೂ ಬಲ್ಲದು. ವರ್ಷಕ್ಕೊಮ್ಮೆ ಬೆಳೆಸಾಲವನ್ನು ನವೀಕರಿಸುವಾಗ ಮಾತ್ರ ಪಾಸುಪುಸ್ತಕವನ್ನು ಮುದ್ರಿಸಿಕೊಳ್ಳುವ ರೈತನು, ತನಗೆ ಗುರುತೇ ಇಲ್ಲದ ಹೆಸರುಗಳಿಗೆ 199 ರೂಪಾಯಿ, 436 ರೂಪಾಯಿ, 27 ರೂಪಾಯಿ 14 ಪೈಸೆ ಎಂದು ಖರ್ಚು ಬಿದ್ದಿರುವುದನ್ನು ಕಂಡು ಬೆರಗಾಗುತ್ತಾನೆ. ಕೆಲವರು ಬ್ಯಾಂಕಿನವರನ್ನು ಬೈದು ಸುಮ್ಮನಾಗುತ್ತಾರೆ. ಕೆಲವರು ಮನೆಯ ಹುಡುಗರ ಮೇಲೆ ಕಳ್ಳತನವನ್ನು ಹೊರಿಸುತ್ತಾರೆ. ಇವೆರಡೂ ತಪ್ಪು. ಮೊದಲು ಶೋಧನೆ, ಆಮೇಲೆ ತೀರ್ಮಾನ.

ಖರ್ಚುಗಳಲ್ಲಿ ನಾಲ್ಕು ಬಗೆ

ಅಪರಿಚಿತವಾಗಿ ಕಾಣುವ ಖರ್ಚುಗಳೆಲ್ಲವೂ ಮೋಸವಲ್ಲ. ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿಕೊಂಡರೆ ಶೋಧನೆಯು ಸುಲಭವಾಗುವುದು.

ಮೊದಲನೆಯದು, ಬ್ಯಾಂಕು ತಾನೇ ವಿಧಿಸುವ ಶುಲ್ಕ. ಸಂದೇಶಗಳ ಶುಲ್ಕ, ಕಾರ್ಡಿನ ವಾರ್ಷಿಕ ಶುಲ್ಕ, ಕನಿಷ್ಠ ಶಿಲ್ಕು ಇಲ್ಲದುದಕ್ಕೆ ದಂಡ, ಕಂತಿನ ದಿನ ಖಾತೆಯಲ್ಲಿ ಹಣವಿಲ್ಲದೆ ಹಿಂತಿರುಗಿದುದಕ್ಕೆ ದಂಡ ಮುಂತಾದುವು ಈ ವರ್ಗಕ್ಕೆ ಸೇರಿದುವು. ಇವುಗಳ ಮೇಲೆ ನೂರಕ್ಕೆ 18 ರಂತೆ ಸರಕು ಮತ್ತು ಸೇವಾ ತೆರಿಗೆಯು ಬೀಳುವುದರಿಂದ ಮೊತ್ತವು ಸಾಮಾನ್ಯವಾಗಿ ಚಿಲ್ಲರೆ ಪೈಸೆಗಳೊಡನೆ ಇರುವುದು. ಇದೇ ಇವುಗಳ ಗುರುತು. ದೃಷ್ಟಾಂತಕ್ಕೆ, ಶಿವಮೊಗ್ಗ, ಭದ್ರಾವತಿಗಳಂತಹ ಊರುಗಳಲ್ಲಿ ಬೇರೆ ಬ್ಯಾಂಕಿನ ಎ.ಟಿ.ಎಂ. ಯಂತ್ರವನ್ನು ತಿಂಗಳಿಗೆ ಐದು ಸಲ ಉಚಿತವಾಗಿ ಉಪಯೋಗಿಸಬಹುದು. ಅದಕ್ಕೆ ಮೀರಿದರೆ ಪ್ರತಿ ಸಲಕ್ಕೂ 23 ರೂಪಾಯಿಗಳ ವರೆಗೆ ವಿಧಿಸಲು 2025 ನೆಯ ಮೇ 1 ರಿಂದ ಅನುಮತಿಯಾಯಿತು. ಇದಕ್ಕೆ ತೆರಿಗೆಯನ್ನು ಕೂಡಿದರೆ 27 ರೂಪಾಯಿ 14 ಪೈಸೆಯಾಗುವುದು.

ಎರಡನೆಯದು, ನಾವೇ ಎಂದೋ ರುಜು ಹಾಕಿ ಒಪ್ಪಿ ಮರೆತುದು. 2015 ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ, ಜೀವನಜ್ಯೋತಿ ಬಿಮಾ ಯೋಜನೆಗೆ 436 ರೂಪಾಯಿ, ಹೀಗೆ 2022 ನೆಯ ಜೂನಿನಿಂದ ಜಾರಿಗೆ ಬಂದ ದರದಂತೆ ಮೇ ತಿಂಗಳ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಇವುಗಳನ್ನು ಗಾಬರಿಯಿಂದ ರದ್ದುಮಾಡಿಸಬಾರದು; ಯಜಮಾನನಿಗೆ ಅಕಾಲದಲ್ಲಿ ಮರಣವೊದಗಿದರೆ ಎರಡು ಲಕ್ಷ ರೂಪಾಯಿಗಳು ಆ ಮನೆಗೆ ಆಧಾರವಾಗುವುವು. ಬೆಳೆವಿಮೆಯ ಕಂತೂ ಇದೇ ಬಗೆಯದು. ಸಾಲ ಪಡೆದ ರೈತರಿಗೂ ಬೆಳೆವಿಮೆಯು 2020 ರ ಮುಂಗಾರಿನಿಂದ ಐಚ್ಛಿಕವಾಗಿದೆಯಾದರೂ, ತನಗೆ ಬೇಡವೆಂದು ಕೊನೆಯ ದಿನಾಂಕಕ್ಕೆ ಏಳು ದಿನ ಮುಂಚಿತವಾಗಿ ಬ್ಯಾಂಕಿಗೆ ಬರೆದುಕೊಡದ ಸಾಲಗಾರನ ಖಾತೆಯಿಂದ ಕಂತನ್ನು ಕಡಿಯುತ್ತಾರೆ. ತೋಟದ ಬೆಳೆಗೆ ರೈತನ ಪಾಲು ವಿಮೆಯ ಮೊತ್ತದಲ್ಲಿ ನೂರಕ್ಕೆ 5 ರ ವರೆಗೆ ಇರುವುದರಿಂದ, 1,28,000 ರೂಪಾಯಿಗಳ ವಿಮೆಗೆ 6,400 ರೂಪಾಯಿ ಕಡಿತವಾದರೆ ಆಶ್ಚರ್ಯಪಡಬೇಕಾದುದಿಲ್ಲ. ಆದರೆ ಯಾವ ಸರ್ವೆ ನಂಬರಿನ ಯಾವ ಬೆಳೆಗೆ ಕಟ್ಟಿದ್ದಾರೆಂಬುದನ್ನು ಕೇಳಿ ತಿಳಿದು ರಸೀತಿಯನ್ನು ಇಟ್ಟುಕೊಳ್ಳತಕ್ಕದ್ದು. ಅಡಿಕೆಯ ತೋಟಕ್ಕೆ ಬತ್ತದ ವಿಮೆಯನ್ನು ಕಟ್ಟಿದ್ದರೆ ನಷ್ಟದ ಕಾಲದಲ್ಲಿ ಅದು ಕೈಹಿಡಿಯದು.

ಮೂರನೆಯದು, ಅಂತರ್ಜಾಲದ ಖಾತೆಗಳ ಚಂದಾ. ಚಲನಚಿತ್ರ, ಕ್ರಿಕೆಟ್ಟು, ಆಟ, ಪಾಠ ಮುಂತಾದುವನ್ನು ಮೊಬೈಲಿನಲ್ಲಿ ತೋರಿಸುವ ಸಂಸ್ಥೆಗಳು ಮೊದಲು ಒಂದು ರೂಪಾಯಿಗೋ ಉಚಿತವಾಗಿಯೋ ಕೆಲವು ದಿನ ಸೇವೆಯನ್ನು ಕೊಟ್ಟು, ಅವಧಿ ಮುಗಿದೊಡನೆ ಪೂರ್ಣ ಚಂದಾವನ್ನು ತಿಂಗಳು ತಿಂಗಳೂ ಖಾತೆಯಿಂದ ಎಳೆದುಕೊಳ್ಳುವ ಒಪ್ಪಿಗೆಯನ್ನು ಮೊದಲ ದಿನವೇ ಪಡೆದಿರುತ್ತವೆ. ಇದಕ್ಕೆ ಆಟೋಪೇ ಎಂದು ಹೆಸರು, ಯು.ಪಿ.ಐ. ಮೂಲಕ ಈ ಏರ್ಪಾಡು 2020 ರಲ್ಲಿ ಬಂದಿತು. ಪಾಸುಪುಸ್ತಕದಲ್ಲಿ ಸೇವೆಯ ಪರಿಚಿತ ಹೆಸರಿಗೆ ಬದಲಾಗಿ ಅದರ ಒಡೆತನದ ಕಂಪನಿಯ ಹೆಸರೋ, ನಡುವೆ ಹಣವನ್ನು ಸಾಗಿಸುವ ಸಂಸ್ಥೆಯ ಹೆಸರೋ ಅಚ್ಚಾಗಿರುವುದುಂಟು. ಆದುದರಿಂದಲೇ ಯಜಮಾನನಿಗೆ ಗುರುತು ಸಿಕ್ಕುವುದಿಲ್ಲ.

ನಾಲ್ಕನೆಯದು, ನಿಜವಾದ ಕಳವು. ಮೊದಲಿನ ಮೂರನ್ನೂ ಪರೀಕ್ಷಿಸಿ ತೆಗೆದುಹಾಕಿದ ಮೇಲೆ ಉಳಿಯುವುದು ಇದು. ದೊಡ್ಡ ಮೊತ್ತವು ಒಮ್ಮೆಗೇ ಹೋಗಿದ್ದರೆ ಮಾತ್ರ ಈ ಕ್ರಮಕ್ಕಾಗಿ ಕಾಯದೆ, ಮುಂದೆ ಹೇಳಿರುವಂತೆ ಒಡನೆಯೇ ದೂರು ಕೊಡತಕ್ಕದ್ದು.

ಶೋಧನೆಯ ಕ್ರಮ

ಭದ್ರಾವತಿಯ ಬಳಿಯ ಒಬ್ಬ ಜಮೀನುದಾರರು ತಮ್ಮ ಪಾಸುಪುಸ್ತಕದಲ್ಲಿ 199 ರೂಪಾಯಿಗಳ ಖರ್ಚು ಹನ್ನೆರಡು ಸಲ ಬಿದ್ದಿರುವುದನ್ನು ಕಂಡರೆಂದು ಭಾವಿಸೋಣ. ಒಟ್ಟು 2,388 ರೂಪಾಯಿ; ಪಿ.ಎಂ. ಕಿಸಾನ್ ಯೋಜನೆಯ ಒಂದು ಕಂತಿನ 2,000 ರೂಪಾಯಿಗಿಂತಲೂ ಹೆಚ್ಚು. ಹನಿ ಹನಿ ಕೂಡಿದರೆ ಹಳ್ಳವೆಂಬ ಗಾದೆಯು ಸೋರಿಕೆಗೂ ಸಲ್ಲುವುದು. ಅವರು ಮಾಡಬೇಕಾದುದೇನು?

ಅವರು ಮೊದಲು ಆ ಸಾಲುಗಳ ದಿನಾಂಕ, ಮೊತ್ತ, ವಿವರ, ಉಲ್ಲೇಖ ಸಂಖ್ಯೆ ಇವುಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳತಕ್ಕದ್ದು. ಯು.ಪಿ.ಐ. ವಹಿವಾಟಿಗೆ ಹನ್ನೆರಡು ಅಂಕೆಗಳ ಉಲ್ಲೇಖ ಸಂಖ್ಯೆಯಿರುವುದು. ಪಹಣಿಗೆ ಸರ್ವೆ ನಂಬರು ಹೇಗೋ ವಹಿವಾಟಿಗೆ ಇದು ಹಾಗೆ. ವಿವರದ ಸಂಕೇತಗಳನ್ನೂ ತಿಳಿದಿರಬೇಕು. “ಎ.ಸಿ.ಎಚ್.” ಎಂದಿದ್ದರೆ ಕಂತು ಅಥವಾ ವಿಮೆಗಾಗಿ ಕೊಟ್ಟ ಸ್ಥಾಯೀ ಆದೇಶ, “ಪಿ.ಓ.ಎಸ್.” ಎಂದಿದ್ದರೆ ಅಂಗಡಿಯ ಯಂತ್ರದಲ್ಲಿ ಕಾರ್ಡನ್ನು ಉಪಯೋಗಿಸಿದುದು, “ಎ.ಇ.ಪಿ.ಎಸ್.” ಎಂದಿದ್ದರೆ ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನಿಂದ ಹಣ ತೆಗೆದುದು.

ಎರಡನೆಯದಾಗಿ, ಮೊತ್ತವನ್ನೂ ದಿನಾಂಕವನ್ನೂ ಹೋಲಿಸಿ ನೋಡತಕ್ಕದ್ದು. ಪ್ರತಿ ತಿಂಗಳೂ ಹೆಚ್ಚುಕಡಿಮೆ ಒಂದೇ ತಾರೀಖಿನಲ್ಲಿ ಒಂದೇ ಮೊತ್ತ ಬಿದ್ದಿದ್ದರೆ ಅದು ಚಂದಾ ಅಥವಾ ಕಂತು. ವರ್ಷಕ್ಕೊಮ್ಮೆ ಮೇ ತಿಂಗಳಲ್ಲಿ ಬಿದ್ದಿದ್ದರೆ ವಿಮೆ. ಪೈಸೆಗಳೊಡನೆ ಇದ್ದರೆ ಪ್ರಾಯಶಃ ಬ್ಯಾಂಕಿನ ಶುಲ್ಕ. ಕ್ರಮವಿಲ್ಲದೆ, ಗಂಟೆಗೆ ಎರಡು ಮೂರು ಸಲ ಬಿದ್ದಿದ್ದರೆ ಅಪಾಯದ ಸೂಚನೆ.

ಮೂರನೆಯದಾಗಿ, ಮನೆಯವರನ್ನೆಲ್ಲ ಕರೆದು ಸಮಾಧಾನದಿಂದ ವಿಚಾರಿಸತಕ್ಕದ್ದು. ಯಜಮಾನರ ಮೊಬೈಲನ್ನು ಮೊಮ್ಮಗನು ಆಟಕ್ಕೆ ಉಪಯೋಗಿಸಿರಬಹುದು; ಬೆಂಗಳೂರಿನಲ್ಲಿರುವ ಮಗನು ತಂದೆಯ ಅನುಕೂಲಕ್ಕಾಗಿಯೇ ಚಂದಾವನ್ನು ಕಟ್ಟಿ ತಿಳಿಸಲು ಮರೆತಿರಬಹುದು. ಮೊದಲೇ ಗದರಿದರೆ ಯಾರೂ ನಿಜವನ್ನು ಹೇಳರು. ನಿಜವು ಹೊರಬೀಳುವುದಕ್ಕೆ ಒಂದು ವಾರ ತಡವಾದರೆ, ಅದು ಕಳವಾಗಿದ್ದ ಪಕ್ಷದಲ್ಲಿ ಹಣವೂ ಕೈತಪ್ಪುವುದು. ಮನೆಗೆಲಸದವರ ಮೇಲೆ, ಕೂಲಿಯಾಳುಗಳ ಮೇಲೆ ಆಧಾರವಿಲ್ಲದೆ ಸಂಶಯಪಡುವುದು ಇನ್ನೂ ಅನ್ಯಾಯ.

ನಾಲ್ಕನೆಯದಾಗಿ, ಮೊಬೈಲಿನಲ್ಲಿ ಹಣ ಕಳಿಸುವ ಆ್ಯಪನ್ನು ತೆರೆದು ಆಟೋಪೇ ಎಂಬ ಪುಟವನ್ನೂ, ಆ್ಯಪುಗಳನ್ನು ಇಳಿಸಿಕೊಳ್ಳುವ ಅಂಗಡಿಯ ಚಂದಾ ಪುಟವನ್ನೂ ನೋಡತಕ್ಕದ್ದು. ಯಾವ ಸಂಸ್ಥೆಗೆ, ಎಷ್ಟು ಹಣಕ್ಕೆ, ಎಂದಿನ ವರೆಗೆ ಒಪ್ಪಿಗೆಯಿದೆಯೆಂಬುದು ಅಲ್ಲಿ ಕಾಣುವುದು. ಬೇಡವಾದುದನ್ನು ಅಲ್ಲಿಯೇ ರದ್ದುಮಾಡಬಹುದು. ಆ್ಯಪನ್ನು ಮೊಬೈಲಿನಿಂದ ಅಳಿಸಿದ ಮಾತ್ರಕ್ಕೆ ಚಂದಾ ನಿಲ್ಲುವುದೆಂದು ಅನೇಕರು ತಿಳಿದಿದ್ದಾರೆ. ಇದು ದೊಡ್ಡ ತಪ್ಪು. ತೂಬನ್ನು ಮುಚ್ಚದೆ ಕಾಲುವೆಯ ಮೇಲೆ ಸೊಪ್ಪು ಮುಚ್ಚಿದರೆ ನೀರು ನಿಲ್ಲುವುದೆ? ಒಪ್ಪಿಗೆಯನ್ನೇ ರದ್ದುಮಾಡಬೇಕು. ಇಂತಹ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚಿತವಾಗಿ ಗಿರಾಕಿಗೆ ತಿಳಿವಳಿಕೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2019 ರಲ್ಲಿ ಕಾರ್ಡುಗಳ ವಿಷಯದಲ್ಲಿ ವಿಧಿಸಿದ ನಿಯಮವು 2021 ನೆಯ ಅಕ್ಟೋಬರಿನಿಂದ ಪೂರ್ಣವಾಗಿ ಜಾರಿಗೆ ಬಂದಿತು. ಆ ತಿಳಿವಳಿಕೆಯ ಸಂದೇಶವನ್ನು ಓದದೆ ಬಿಡಬಾರದು.

ಐದನೆಯದಾಗಿ, ಇಷ್ಟಾದರೂ ಗುರುತು ಸಿಕ್ಕದಿದ್ದರೆ, ಬರೆದಿಟ್ಟ ಹಾಳೆಯೊಡನೆ ಸ್ವಂತ ಶಾಖೆಗೆ ಹೋಗಿ ಲಿಖಿತವಾದ ದೂರನ್ನು ಕೊಟ್ಟು, ದೂರಿನ ಸಂಖ್ಯೆಯನ್ನೂ ದಿನಾಂಕವುಳ್ಳ ಸ್ವೀಕೃತಿಯನ್ನೂ ಪಡೆಯತಕ್ಕದ್ದು. ಬಾಯಿಮಾತಿನ ದೂರು ನೀರಿನ ಮೇಲಿನ ಬರಹ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವುದು ಅವಶ್ಯಕ. ಸಂಸ್ಥೆಯ ದೂರವಾಣಿ ಸಂಖ್ಯೆಯನ್ನು ಅಂತರ್ಜಾಲದಲ್ಲಿ ಹುಡುಕಿ ಕಂಡ ಮೊದಲ ಸಂಖ್ಯೆಗೆ ಕರೆಮಾಡಬಾರದು. ಮೋಸಗಾರರು ಅಲ್ಲಿ ತಮ್ಮ ಸಂಖ್ಯೆಗಳನ್ನು ಬಲೆಯಂತೆ ಹರಡಿರುತ್ತಾರೆ. ಪಾಸುಪುಸ್ತಕದ ಮೇಲೆ ಅಥವಾ ಕಾರ್ಡಿನ ಹಿಂಭಾಗದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೇ ಉಪಯೋಗಿಸಬೇಕು. ಹೋದ ಹಣವನ್ನು ಹಿಂದಕ್ಕೆ ಕೊಡುತ್ತೇವೆ, ನಿಮ್ಮ ಪಿನ್ ಒತ್ತಿರಿ ಎಂದು ಯಾರಾದರೂ ಹೇಳಿದರೆ ಅವನು ಕಳ್ಳನೇ ಸರಿ. ಹಣವನ್ನು ಪಡೆಯಲು ಪಿನ್ ಬೇಕಾಗಿಲ್ಲ, ಕೊಡಲು ಮಾತ್ರ ಬೇಕು. ಸರ್ಕಾರದ ಯೋಜನೆಯ ಹೆಸರಿನಲ್ಲಿ ವಾಟ್ಸ್‌ಆ್ಯಪಿನ ಮೂಲಕ ಬರುವ ಎ.ಪಿ.ಕೆ. ಕಡತಗಳನ್ನೂ ತೆರೆಯಕೂಡದು.

ಜಮೀನುದಾರರಿಗೆ ವಿಶೇಷವಾದ ಅಪಾಯ

2023 ರಲ್ಲಿ ಮಂಗಳೂರಿನಲ್ಲಿ ನಡೆದ ಸಂಗತಿಯು ಭೂಮಿಯುಳ್ಳ ಪ್ರತಿಯೊಬ್ಬರಿಗೂ ಪಾಠವಾಗತಕ್ಕದ್ದು. ಉಪನೋಂದಣಿ ಕಚೇರಿಯಲ್ಲಿ ಆಸ್ತಿಪತ್ರಗಳನ್ನು ನೋಂದಾಯಿಸಿದ ಅನೇಕರ ಖಾತೆಗಳಿಂದ, ಅವರು ಯಾರಿಗೂ ಗುಪ್ತಸಂಖ್ಯೆಯನ್ನು ಹೇಳದಿದ್ದರೂ, ಹಣವು ಹೋಗಿದ್ದಿತು. ನೋಂದಣಿಯ ಜಾಲತಾಣದಿಂದ ಪತ್ರಗಳ ಪ್ರತಿಗಳನ್ನು ಪಡೆದು, ಅವುಗಳಲ್ಲಿದ್ದ ಆಧಾರ್ ಸಂಖ್ಯೆ ಮತ್ತು ಬೆರಳಚ್ಚುಗಳನ್ನು ನಕಲು ಮಾಡಿ, ಎ.ಇ.ಪಿ.ಎಸ್. ಮೂಲಕ ಹಣವನ್ನು ತೆಗೆದಿದ್ದರೆಂದು ಪೋಲೀಸಿನವರ ತನಿಖೆಯಲ್ಲಿ ತಿಳಿದುಬಂದು, ಬಿಹಾರದ ಮೂವರ ಬಂಧನವಾಯಿತು. ಈ ವಿಧಾನದಲ್ಲಿ ಕಾರ್ಡಾಗಲಿ, ಪಿನ್ ಆಗಲಿ, ಮೊಬೈಲಿಗೆ ಬರುವ ಒ.ಟಿ.ಪಿ.ಯಾಗಲಿ ಬೇಕಾಗಿಲ್ಲ; ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇವಿಷ್ಟೇ ಸಾಕು. ಒಂದು ಸಲಕ್ಕೆ 10,000 ರೂಪಾಯಿಗಳ ವರೆಗೆ ತೆಗೆಯಬಹುದು. ಬ್ಯಾಂಕು ದೂರವಿರುವ ಹಳ್ಳಿಗಳಲ್ಲಿ ಬಡವರಿಗೂ ವೃದ್ಧರಿಗೂ ಉಪಕಾರವಾಗಲೆಂದು ಏರ್ಪಡಿಸಿದ ಸೌಲಭ್ಯವು ಹೀಗೆ ದುರುಪಯೋಗಕ್ಕೊಳಗಾಯಿತು. ಆಮೇಲೆ ಪ್ರತಿಗಳಲ್ಲಿ ಬೆರಳಚ್ಚನ್ನು ಮರೆಮಾಡುವ ಏರ್ಪಾಡನ್ನು ನೋಂದಣಿ ಇಲಾಖೆಯು ಕೈಗೊಂಡಿತಾದರೂ, ಅದಕ್ಕೆ ಮುಂಚೆ ಹೊರಬಿದ್ದ ಪ್ರತಿಗಳನ್ನು ಯಾರೂ ಹಿಂದಕ್ಕೆ ತರಲಾರರು.

ಇದಕ್ಕೆ ಪರಿಹಾರವು ಸುಲಭವಾಗಿದೆ, ಖರ್ಚೂ ಇಲ್ಲ. ಆಧಾರ್ ಪ್ರಾಧಿಕಾರದ ಮೊಬೈಲ್ ಆ್ಯಪಿನಿಂದಾಗಲಿ, ಜಾಲತಾಣದಿಂದಾಗಲಿ, ಆಧಾರ್ ಕೇಂದ್ರಕ್ಕೆ ಹೋಗಿಯಾಗಲಿ ತಮ್ಮ ಬೆರಳಚ್ಚಿಗೆ ಬೀಗ ಹಾಕಿಸಬಹುದು. ಪ್ರಾಧಿಕಾರದ ದೂರವಾಣಿ 1947. ಬೀಗ ಹಾಕಿದ ಮೇಲೆ ನ್ಯಾಯಬೆಲೆ ಅಂಗಡಿಯಲ್ಲಿಯೂ ಬೆರಳಚ್ಚು ನಡೆಯದಾದುದರಿಂದ, ಅಂತಹ ಕಾರ್ಯವಿದ್ದಾಗ ಸ್ವಲ್ಪ ಕಾಲ ಬೀಗವನ್ನು ತೆಗೆದು ಪುನಃ ಹಾಕಿಕೊಳ್ಳಬೇಕು. ಹಳ್ಳಿಯಲ್ಲಿ ಬ್ಯಾಂಕಿನ ಪ್ರತಿನಿಧಿಯ ಯಂತ್ರಕ್ಕೆ ಬೆರಳನ್ನು ಒತ್ತಿದಾಗಲೆಲ್ಲ ಅಚ್ಚಾದ ರಸೀತಿಯನ್ನು ಕೇಳಿ ಪಡೆಯತಕ್ಕದ್ದು. “ಸರಿಯಾಗಿ ಬೀಳಲಿಲ್ಲ, ಇನ್ನೊಮ್ಮೆ ಒತ್ತಿ” ಎಂದರೆ, ಮೊದಲನೆಯದು ರದ್ದಾಯಿತೆಂಬ ಚೀಟಿಯನ್ನು ನೋಡಿಯೇ ಎರಡನೆಯ ಸಲ ಒತ್ತಬೇಕು.

ಕಳವೆಂದು ತೋರಿದರೆ

ಕಳವೆಂದು ತೋರಿದ ಕೂಡಲೇ 1930 ಎಂಬ ದೂರವಾಣಿಗೆ ಕರೆಮಾಡತಕ್ಕದ್ದು. 2021 ರಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ಈ ಏರ್ಪಾಡಿನಿಂದ, ದೂರು ಬಂದೊಡನೆ ಹಣವು ಹೋಗಿ ಸೇರಿದ ಬ್ಯಾಂಕಿಗೆ ಸೂಚನೆ ಹೋಗಿ, ಅಲ್ಲಿ ಇನ್ನೂ ಉಳಿದಿರುವ ಹಣವನ್ನು ತಡೆಹಿಡಿಯಲಾಗುವುದು. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ದಾಟಿಸುವುದರಿಂದ ಇಲ್ಲಿ ಗಂಟೆಗಳೂ ಅಮೂಲ್ಯ. ಅನಂತರ ಬ್ಯಾಂಕಿಗೆ ತಿಳಿಸಿ, ಕಾರ್ಡನ್ನೂ ಯು.ಪಿ.ಐ.ಯನ್ನೂ ನಿಲ್ಲಿಸಿ, ಸಮೀಪದ ಪೋಲೀಸ್ ಠಾಣೆಯಲ್ಲಾಗಲಿ ಶಿವಮೊಗ್ಗದ ಸಿ.ಇ.ಎನ್. ಠಾಣೆಯಲ್ಲಾಗಲಿ ದೂರನ್ನು ದಾಖಲಿಸತಕ್ಕದ್ದು.

ಹಣದ ಹೊಣೆ ಯಾರದೆಂಬುದನ್ನು ರಿಸರ್ವ್ ಬ್ಯಾಂಕು 2017 ನೆಯ ಜುಲೈ 6 ರ ಆಜ್ಞೆಯಲ್ಲಿ ಸ್ಪಷ್ಟಪಡಿಸಿತು. ಅದೇ ವರ್ಷದ ಡಿಸೆಂಬರಿನಲ್ಲಿ ಸಹಕಾರಿ ಬ್ಯಾಂಕುಗಳಿಗೂ ಇಂತಹ ಆಜ್ಞೆಯಾಯಿತು. ಬ್ಯಾಂಕಿನ ತಪ್ಪಿನಿಂದ ನಷ್ಟವಾಗಿದ್ದರೆ ಗಿರಾಕಿಗೆ ಹೊಣೆಯಿಲ್ಲ. ತಪ್ಪು ಬ್ಯಾಂಕಿನದೂ ಅಲ್ಲದೆ ಗಿರಾಕಿಯದೂ ಅಲ್ಲದೆ ಮೂರನೆಯವರಿಂದ ಆಗಿದ್ದು, ಬ್ಯಾಂಕಿನ ಸೂಚನೆ ತಲಪಿದ ಮೂರು ಕೆಲಸದ ದಿನಗಳೊಳಗೆ ಗಿರಾಕಿಯು ತಿಳಿಸಿದರೆ ಆಗಲೂ ಅವನಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ದಿನಗಳೊಳಗೆ ತಿಳಿಸಿದರೆ, ಜನಧನ ಮೊದಲಾದ ಮೂಲ ಉಳಿತಾಯ ಖಾತೆಯವನು ಹೆಚ್ಚೆಂದರೆ 5,000 ರೂಪಾಯಿ, ಸಾಮಾನ್ಯ ಉಳಿತಾಯ ಖಾತೆಯವನು ಹೆಚ್ಚೆಂದರೆ 10,000 ರೂಪಾಯಿ ಹೊರಬೇಕು. ಏಳು ದಿನ ಮೀರಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಲಿಯ ನೀತಿಯಂತೆ. ಗುಪ್ತಸಂಖ್ಯೆಯನ್ನು ತಾನೇ ಹೇಳಿ ಕಳೆದುಕೊಂಡಿದ್ದರೆ ದೂರು ಕೊಡುವ ವರೆಗಿನ ನಷ್ಟವೆಲ್ಲ ಅವನದೇ. ದೂರು ಕೊಟ್ಟ ಮೇಲಿನದು ಬ್ಯಾಂಕಿನದು. ತಪ್ಪು ಗಿರಾಕಿಯದೆಂದು ರುಜುವಾತು ಮಾಡುವ ಭಾರವೂ ಬ್ಯಾಂಕಿನ ಮೇಲೆಯೇ ಇದೆ. ಇಂತಹ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಶಾಖೆಯಲ್ಲಿ ವಿಚಾರಿಸಿಕೊಳ್ಳುವುದು ಉತ್ತಮ. ಬ್ಯಾಂಕು ಮೂವತ್ತು ದಿನಗಳೊಳಗೆ ತೃಪ್ತಿಕರವಾದ ಉತ್ತರವನ್ನು ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ಖರ್ಚಿಲ್ಲದೆ ದೂರು ಕೊಡಬಹುದು. ವಿಚಾರಣೆಯ ದೂರವಾಣಿ 14448. ಗ್ರಾಮದ ಪ್ರಾಥಮಿಕ ಸಹಕಾರ ಸಂಘವು ಬ್ಯಾಂಕಲ್ಲವಾದುದರಿಂದ, ಅದರ ಲೆಕ್ಕದ ತಕರಾರನ್ನು ಸಹಕಾರ ಇಲಾಖೆಯ ಅಧಿಕಾರಿಗಳ ಮುಂದಿಡಬೇಕು.

ಈಗ ವಾಚಕರು ಒಂದು ವಿಷಯವನ್ನು ಆಲೋಚಿಸಬೇಕು. ನಿಯಮವು ಕೊಡುವ ಅವಧಿ ಮೂರು ದಿನ. ನಾವು ಪಾಸುಪುಸ್ತಕವನ್ನು ನೋಡುವುದು ವರ್ಷಕ್ಕೊಮ್ಮೆ. ಊರು ಸೂರೆ ಹೋದ ಮೇಲೆ ಕೋಟೆಯ ಬಾಗಿಲನ್ನು ಹಾಕಿದಂತೆ ಆಗುವುದು ಇಲ್ಲಿಯೇ. ಬ್ಯಾಂಕಿನ ಸಂದೇಶವು ನಮ್ಮ ಕೈಯಲ್ಲಿರುವ ಮೊಬೈಲಿಗೆ ಬರುವುದೋ, ಎಂದೋ ಬಿಟ್ಟ ಹಳೆಯ ಸಂಖ್ಯೆಗೆ ಹೋಗುವುದೋ, ದೂರದ ಊರಿನಲ್ಲಿರುವ ಮಗನಿಗೆ ಹೋಗುವುದೋ ಎಂಬುದನ್ನು ಈ ವಾರವೇ ಶಾಖೆಯಲ್ಲಿ ವಿಚಾರಿಸಿ ಸರಿಪಡಿಸಿಕೊಳ್ಳತಕ್ಕದ್ದು.

ಗ್ರಾಮದ ಹಿರಿಯರ ಕರ್ತವ್ಯ

ಗ್ರಾಮದ ಮುಖಂಡರೂ ಜಮೀನುದಾರರೂ ಮನಸ್ಸು ಮಾಡಿದರೆ ಈ ಕಾರ್ಯವು ಕಷ್ಟವಲ್ಲ. ಎತ್ತಿಗೆ ಬಿಡುವು ಕೊಡುವ ಸೋಮವಾರವು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ತಿಂಗಳ ಮೊದಲನೆಯ ಸೋಮವಾರವನ್ನು ಲೆಕ್ಕದ ದಿನವೆಂದು ಇಟ್ಟುಕೊಂಡು, ಪಾಸುಪುಸ್ತಕಗಳನ್ನು ಮುದ್ರಿಸಿ ತಂದು, ಓದುಬಲ್ಲ ಹುಡುಗರಿಂದ ಅಕ್ಷರ ಬಾರದ ವೃದ್ಧರಿಗೂ ವಿಧವೆಯರಿಗೂ ಸಾಲುಸಾಲಾಗಿ ಓದಿಸಿ ಹೇಳಿಸಬಹುದು. ಓದುವವರು ಪಿನ್ ಮೊದಲಾದುವನ್ನು ಕೇಳಕೂಡದು, ಹೇಳುವವರು ಹೇಳಕೂಡದು. 1930 ಎಂಬ ಸಂಖ್ಯೆಯನ್ನು ಪಂಚಾಯತಿಯ ಕಟ್ಟಡದ ಗೋಡೆಯ ಮೇಲೆಯೂ ಹಾಲಿನ ಡೇರಿಯ ಬಾಗಿಲಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿಡಬೇಕು. ಮೋಸಹೋದವನು ನಾಚಿಕೆಯಿಂದ ಮುಚ್ಚಿಡದೆ ಮೊದಲ ದಿನವೇ ಹಿರಿಯರ ಬಳಿಗೆ ಬರುವಂತೆ ನಡೆದುಕೊಳ್ಳಬೇಕು. “ನಿನ್ನ ಬುದ್ಧಿ ಎಲ್ಲಿ ಹೋಗಿತ್ತು?” ಎಂಬ ಒಂದು ಮಾತಿನಿಂದ ಅವನು ಮೂರು ದಿನ ಮೌನವಾಗಿ ಕುಳಿತರೆ, ಕಳ್ಳನಿಗೆ ಸಹಾಯ ಮಾಡಿದವರು ನಾವೇ ಆಗುವೆವು.

ಹೊಲದ ಬದುವಿನಲ್ಲಿ ಒಂದು ಬಿಲವನ್ನು ಕಂಡರೆ ರೈತನು ಅದು ಇಲಿಯದೋ ಏಡಿಯದೋ ಎಂದು ನೋಡಿ, ನೀರು ಸೋರಿ ಬದುವು ಒಡೆಯುವುದಕ್ಕೆ ಮುಂಚೆಯೇ ಮಣ್ಣು ತುಂಬಿ ತುಳಿಯುತ್ತಾನೆ. ಪಾಸುಪುಸ್ತಕದಲ್ಲಿ ಕಾಣುವ ಗುರುತಿಲ್ಲದ ಸಾಲೂ ಅಂತಹ ಬಿಲವೇ. ಅದನ್ನು ಕಂಡ ದಿನವೇ ನೋಡತಕ್ಕದ್ದು.